ಡೆರ್ಲಿಸ್ ಸೊಪ್ಪು

ಫೆಬ್ರವರಿ 6, ಮಂಗಳವಾರ

ಬೆಳಿಗ್ಗೆ: ಒಂದು ಚಿಪಾ ರೊಟ್ಟಿ, ಹಾಲು. ಮಧ್ಯಾಹ್ನ: ಅನ್ನ, ಬೀನ್ಸ್, ಬೇಯಿಸಿದ ಮರಗೆಣಸು. ರಾತ್ರಿ: ಕೋಳಿ ಸಾರು, ಅದರಲ್ಲಿ ಜೋಳದ ಉಂಡೆ ನಾಲ್ಕು.

ಡಾಕ್ಟರಮ್ಮ ಬರೆಯಲು ಹೇಳಿದ್ದು ಇಷ್ಟನ್ನೇ. ಆದರೆ ಪುಟದಲ್ಲಿ ಜಾಗ ತುಂಬಾ ಉಳಿದಿದೆ. ಆರನೇ ತರಗತಿ ಬಿಟ್ಟ ಮೇಲೆ ನಾನು ಇಷ್ಟು ಸಾಲು ಬರೆದದ್ದು ಇದೇ ಮೊದಲು. ಯಾರೂ ಓದುವುದಿಲ್ಲ, ಹಾಗಾಗಿ ನಾಚಿಕೆಯೂ ಇಲ್ಲ.

ಹೋದ ವಾರ ಆರೋಗ್ಯ ಕೇಂದ್ರದ ನರ್ಸುಗಳು ಮಾರುಕಟ್ಟೆಗೇ ಬಂದು ಅಂಗಡಿ ಹೆಂಗಸರ ರಕ್ತ ತೆಗೆದರು. ಅಮ್ಮ ಅವರಿಗೆ ಬೈದು ರಕ್ತ ಕೊಡಲಿಲ್ಲ. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ, ಕೈ ಚಾಚಿದೆ.

ಇವತ್ತು ಕರೆಸಿದ್ದರು. ಕೆಟ್ಟ ಕೊಬ್ಬು 251. ನೂರರ ಆಸುಪಾಸಿನಲ್ಲಿ ಇರಬೇಕಂತೆ.

"ವಯಸ್ಸೆಷ್ಟಮ್ಮ?"

"ಇಪ್ಪತ್ತಮೂರು."

"ಜೋರಾಗಿ ಹೇಳು, ಇಲ್ಲಿ ಯಾರೂ ಮಲಗಿಲ್ಲ. ಅಪ್ಪ ಇದ್ದಾರಾ?"

ಅಪ್ಪ ನಲವತ್ತೊಂದಕ್ಕೇ ಊರಿನ ವಾಲಿಬಾಲ್ ಅಂಗಳದಲ್ಲಿ ಬಿದ್ದು ಹೋದ, ಬಿಸಿಲು ಹೊಡೆದು, ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬಿಸಿಲಾಗಿರಲಿಕ್ಕಿಲ್ಲ ಎಂದರು. ಇದು ರಕ್ತದಲ್ಲೇ ಬರುವಂಥದ್ದು, ತೆಳ್ಳಗಿದ್ದರೂ ಬರುತ್ತದೆ, ಇಬ್ಬರು ಮಕ್ಕಳಿದ್ದರೆ ಒಬ್ಬರಿಗೋ ಇಬ್ಬರಿಗೋ ಬಂದೀತು. ದಿನಕ್ಕೊಂದು ಮಾತ್ರೆ, ಬದುಕಿರುವವರೆಗೂ. ಊಟ ನೋಡಿ ತಿನ್ನಬೇಕು. ನಿಮ್ಮಣ್ಣನನ್ನು ಬೇಗ ಕರೆದುಕೊಂಡು ಬಾ, ಎಂದರು.

ನಮ್ಮ ಸೊಪ್ಪಿನ ಅಂಗಡಿಯ ಹಲಗೆಯ ಮೇಲೆ ಹೀಗಿದೆ: ಹೊಟ್ಟೆಯುರಿ, ನರ, ಸಕ್ಕರೆ, ಕೊಲೆಸ್ಟರಾಲ್. ಹತ್ತು ವರ್ಷದಿಂದ ಆ ಸೊಪ್ಪನ್ನು ಒರಳಲ್ಲಿ ಕುಟ್ಟುತ್ತಿರುವವಳು ನಾನು.

ಫೆಬ್ರವರಿ 8, ಗುರುವಾರ

ಬೆಳಿಗ್ಗೆ: ಹಣ್ಣು. ಮಧ್ಯಾಹ್ನ: ಮೀನು, ಮರಗೆಣಸು.

ಅಮ್ಮನಿಗೆ ಹೇಳಿದೆ.

"ಇನ್ನೂರ ಐವತ್ತೊಂದಾ? ಅದು ನಿಂದಲ್ಲ ಬಿಡೇ. ಆ ಕರುಳಿನ ಸಾರು ಮಾರ್ತಾಳಲ್ಲ ಎದುರುಗಡೆ ದಪ್ಪಿ, ಅವಳ ಶೀಸೆ ಜೊತೆ ಅದಲುಬದಲಾಗಿದೆ."

"ಅಮ್ಮಾ, ಅಪ್ಪಂಗೂ ಇದೇ ಇದ್ದಿರಬೇಕು ಅಂದ್ರು..."

"ನಿಮ್ಮಪ್ಪಂಗೆ ಬಿಸಿಲು ಹೊಡೀತು. ಟೋಪಿ ಹಾಕ್ಕೊಳ್ಳಿ ಅಂದೆ, ಕೇಳಲಿಲ್ಲ. ನಾನು ಹೆಂಡತಿ, ನನಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಾ?"

ಆಮೇಲೆ ಕೊಲೆಸ್ಟರಾಲ್‌ಗೆಂದು ಮಾರುವ ಹುಲಿಸೊಪ್ಪನ್ನು ಎಂದಿಗಿಂತ ಮೂರು ಪಟ್ಟು ಕುಟ್ಟಿ, ನಾನು ದಿನವಿಡೀ ಹೀರುವ ತಣ್ಣನೆಯ ತೆರೆರೆ ಚಹಾದ ನೀರಿಗೆ ಹಾಕಿದಳು. ಐಸ್ ಹಾಕಿದರೂ ಗಂಟಲು ಕಹಿಯಿಂದ ಕಿತ್ತುಬಂತು. "ಊರೆಲ್ಲ ನನ್ನ ಸೊಪ್ಪಿನ ನ್ಯಾ ಪ್ಲಾಸಿದಾ ಅಂತಾರೆ, ನನ್ನ ಮಗಳೇ ಮಾತ್ರೆ ನುಂಗ್ತಾಳೆ ಅಂತ ಗೊತ್ತಾದ್ರೆ ನಮ್ಮ ಸೊಪ್ಪನ್ನ ಕತ್ತೇನೂ ಮೂಸಲ್ಲ," ಎಂದಳು.

ಅದಕ್ಕೇ ಪುದೀನಾ ಮೂಟೆಗಳ ಹಿಂದೆ ಹೋಗಿ ನುಂಗುತ್ತೇನೆ.

ಫೆಬ್ರವರಿ 20, ಮಂಗಳವಾರ

ಅಣ್ಣನಿಗೆ ಹೇಳಲು ಹನ್ನೆರಡು ದಿನ ಹಿಡಿಯಿತು. ಡೆರ್ಲಿಸ್‌ಗೆ ಮೂವತ್ತೊಂದು ವಯಸ್ಸು. ಬಸ್ ಓಡಿಸುತ್ತಾನೆ. ಅವನ ಎದುರು ಬಾಯಿ ತೆರೆದರೆ ಸಾಕು, ಅವನೇ ಮಾತಾಡಿ ಮುಗಿಸಿರುತ್ತಾನೆ. ಕೊನೆಗೆ ಒಪ್ಪಿಸಿದ್ದು ಅಮ್ಮ. "ಹೋಗೋ, ಆ ಡಾಕ್ಟರಮ್ಮನ ಮಿಷನ್ನು ಸುಳ್ಳು ಅಂತ ತೋರಿಸಿ ಬಾ," ಎಂದಳು.

ನಿನ್ನೆ ಹೋದ. ಖಾಲಿ ಹೊಟ್ಟೆಯಲ್ಲಿ ಬಾ ಎಂದಿದ್ದರೂ ದಾರಿಯಲ್ಲಿ ಸಕ್ಕರೆ ಸೊಪ್ಪು ಹಾಕಿದ ಒಂದು ಲೀಟರ್ ತೆರೆರೆ ಕುಡಿದಿದ್ದ. ನರ್ಸು ವಾಪಸ್ ಕಳಿಸಿದಳು. "ಅದು ನೀರು ಕಣಮ್ಮಾ, ಊಟ ಅಲ್ಲ!" ಎಂದು ಜಗಳವಾಡಿದನಂತೆ. ಇವತ್ತು ಮತ್ತೆ ಹೋಗಿ ರಕ್ತ ಕೊಟ್ಟು ಬಂದ.

ಫೆಬ್ರವರಿ 23, ಶುಕ್ರವಾರ

274. ನನಗಿಂತ ಹೆಚ್ಚು.

ಸಂಜೆ ಅವನ ಬಸ್ ಹತ್ತಿ ಕೇಳಿದೆ. ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ಎಲ್ಲಿ ಎಂದರೆ ಕಿಟಕಿಯ ಕಡೆ ತೋರಿಸಿದ. ಗಾಜು ಗಡಗಡ ಎನ್ನದ ಹಾಗೆ ಮಡಚಿ ಸಂದಿಗೆ ಸಿಕ್ಕಿಸಿದ್ದ.

"ಮೊದಲನೇ ಸಲ ಡಾಕ್ಟ್ರ ಚೀಟಿ ಕೆಲಸಕ್ಕೆ ಬಂತು ನೋಡು."

"ಅಣ್ಣ, ಮಾತ್ರೆ..."

"ಮಾತ್ರೆ ಮುದುಕರಿಗೆ ಕಣೇ ಕಡ್ಡಿ. ನನ್ನ ಎದೆ ಮುಟ್ಟಿ ನೋಡು, ಗೋಡೆ! ಬೇಕಾದ್ರೆ ಸೊಪ್ಪು ಕುಟ್ಟಿ ಕೊಡು. ನಿನ್ನ ಕೈಯಿಂದ ಏನು ಕೊಟ್ರೂ ಕುಡೀತೀನಿ."

ಇಳಿಯುವಾಗ ಚೀಟಿಯನ್ನು ಎಳೆದುಕೊಂಡು ಬಂದೆ. ಗಾಜು ಮತ್ತೆ ಗಡಗಡ ಎಂದಿತು.

ಏನು ಕೊಟ್ಟರೂ ಕುಡಿಯುತ್ತಾನಂತೆ.

ಫೆಬ್ರವರಿ 26, ಸೋಮವಾರ

ಬೆಳಿಗ್ಗೆ: ಓಟ್ಸ್. ಮಧ್ಯಾಹ್ನ: ನೆನಪಿಲ್ಲ.

ಅವನ ಹೆಸರಿನ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ನಾನೇ ತೆಗೆದುಕೊಂಡೆ. ಅಣ್ಣನಿಗೆ ಬಿಡುವಿಲ್ಲ ಎಂದೆ. ಔಷಧಿ ಕೊಡುವ ಕಿಟಕಿಯವಳು ಮುಖ ಕೂಡ ಎತ್ತಲಿಲ್ಲ.

ಬೆಳಗಿನ ಐದೂವರೆಗೆ ಅವನು ಬಸ್ಸನ್ನು ಅಂಗಡಿಯ ಮುಂದೆ ನಿಲ್ಲಿಸುತ್ತಾನೆ. ಅಷ್ಟರಲ್ಲಿ ಒರಳಿಗೆ ಮೊದಲು ಮಾತ್ರೆ, ಅದರ ಮೇಲೆ ಹುಲಿಸೊಪ್ಪು. ಅದಕ್ಕೆ ಎಲೆಯಿಲ್ಲ, ರೆಕ್ಕೆಯಂಥ ಕಾಂಡ ಮಾತ್ರ, ಬೇಗ ಜಜ್ಜುತ್ತದೆ. ನಾಲ್ಕು ಏಟಿಗೆ ಬಿಳಿ ಎಲ್ಲೂ ಕಾಣಲಿಲ್ಲ. ನೀರು ಬೆರೆಸಿ ಲೋಟ ಕೊಟ್ಟೆ. ಒಂದೇ ಗುಟುಕಿಗೆ ಇಳಿಸಿ, "ಅಬ್ಬಾ, ಸತ್ತವನನ್ನೂ ಎಬ್ಬಿಸುತ್ತೆ!" ಎಂದು ಹಾರ್ನ್ ಹೊಡೆದು ಹೋದ.

ಇಷ್ಟು ಚೆನ್ನಾಗಿ ಕುಟ್ಟುವವರು ಈ ಮಾರುಕಟ್ಟೆಯಲ್ಲಿ ಇನ್ನೊಬ್ಬರಿಲ್ಲ. ನಾನೇ ಬರೆದುಕೊಳ್ಳುವುದಾದರೆ ತಪ್ಪೇನು?

ಮಾರ್ಚ್ 27, ಪವಿತ್ರ ವಾರದ ಬುಧವಾರ

ತಿಂದದ್ದು: ಚಿಪಾ ಒಂದು. ನಿಜವಾಗಿ ಒಂದೇ.

ಈಸ್ಟರ್ ಹಬ್ಬದ ಚಿಪಾಕ್ಕಾಗಿ ಇಡೀ ಬೀದಿಯಲ್ಲಿ ಮಣ್ಣಿನ ಒಲೆಗಳ ಹೊಗೆ. ಅಮ್ಮ ಮರಗೆಣಸಿನ ಹಿಟ್ಟು, ಗಿಣ್ಣು, ಮೊಟ್ಟೆ ಹರಡಿಕೊಂಡು ಕೂತಿದ್ದಳು. ಹಂದಿ ಕೊಬ್ಬಿನ ಡಬ್ಬ ನನ್ನ ಕೈಯಲ್ಲಿತ್ತು. ಅವಳು ಒಲೆ ಕಡೆ ತಿರುಗಿದಾಗ ಅರ್ಧ ಮಾತ್ರ ಹಾಕಿ ಉಳಿದದ್ದನ್ನು ಮುಚ್ಚಿಟ್ಟೆ.

ಡೆರ್ಲಿಸ್ ಕಚ್ಚಿ ನೋಡಿ, "ಅಮ್ಮಾ, ಇದನ್ನ ಚಕ್ರದ ಕೆಳಗಿಟ್ರೆ ಇಳಿಜಾರಲ್ಲೂ ಬಸ್ ನಿಲ್ಲುತ್ತೆ," ಎಂದ. ಆದರೂ ಆರು ತಿಂದ. ಅಮ್ಮ ಗಿಣ್ಣು ಮಾರಿದವನನ್ನು ಬೈದಳು. ನಾನು ತಲೆ ತಗ್ಗಿಸಿ ಚಿಪಾ ಹಿಟ್ಟನ್ನು ಉಂಗುರದ ಹಾಗೆ ಸುತ್ತುತ್ತಿದ್ದೆ. ನಗು ತಡೆಯುವುದು ಕಷ್ಟವಾಯಿತು.

ಮೂವತ್ತೊಂದು ದಿನ. ಒಂದೂ ತಪ್ಪಿಲ್ಲ.

ಏಪ್ರಿಲ್ 25, ಗುರುವಾರ

ಅಣ್ಣ 139! ನಾನು 118!

ಅವನು ಪರೀಕ್ಷೆಗೆ ಹೋದದ್ದು ಡಾಕ್ಟರಮ್ಮನನ್ನು ಸೋಲಿಸಲು. ಕಾಗದವನ್ನು ಬಾವುಟದ ಹಾಗೆ ಹಿಡಿದುಕೊಂಡು ಮಾರುಕಟ್ಟೆಯೊಳಗೆ ಬಂದ. "ನೋಡ್ರೋ! ಇನ್ನೂರ ಎಪ್ಪತ್ತನಾಲ್ಕು ಇತ್ತು, ಅರ್ಧ ಆಗಿದೆ! ಒಂದು ಮಾತ್ರೆ ಮುಟ್ಟಿಲ್ಲ! ಬರೀ ನಮ್ಮಮ್ಮನ ಸೊಪ್ಪು, ಈ ಕಡ್ಡಿ ಕೈ!" ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಎಲ್ಲರೂ ಚಪ್ಪಾಳೆ ಹೊಡೆದರು. ಅಮ್ಮ ಏಪ್ರನ್ ಎತ್ತಿ ಕಣ್ಣೊರೆಸಿಕೊಂಡಳು.

ಆ 139 ನನ್ನದು. ಒಂದೊಂದು ಅಂಕಿಯನ್ನೂ ನಾನೇ ಕುಟ್ಟಿ ಇಳಿಸಿದ್ದು. ಯಾರಿಗೂ ಹೇಳುವ ಹಾಗಿಲ್ಲ. ಇಲ್ಲಿ ಬರೆಯಬಹುದು.

ಮೇ 2, ಗುರುವಾರ

ಬೆಳಗಿನ ಬಸ್ಸುಗಳ ಡ್ರೈವರುಗಳೆಲ್ಲ ನಮ್ಮ ಅಂಗಡಿಯಲ್ಲೇ. ಹನ್ನೊಂದು ಜನ. "ಡೆರ್ಲಿಸ್ ಸೊಪ್ಪು ಕೊಡು" ಎನ್ನುತ್ತಾರೆ. ಅಮ್ಮ ರಟ್ಟಿನ ಮೇಲೆ ದೊಡ್ಡದಾಗಿ ಬರೆದು ನೇತುಹಾಕಿದ್ದಾಳೆ: ಡೆರ್ಲಿಸ್ ಸೊಪ್ಪು ಇಲ್ಲಿ ಮಾತ್ರ.

ಅಣ್ಣನ ಲೋಟ ಮೊದಲೇ ಬೇರೆ ತಯಾರಿಸಿಡುತ್ತೇನೆ. ಉಳಿದವರಿಗೆ ಸೊಪ್ಪು ಮಾತ್ರ. ಸೊಪ್ಪಿನಿಂದ ಕೆಡುಕೇನೂ ಆಗಲಾರದು.

ಮೇ 13, ಸೋಮವಾರ

ದೋನ್ ಸಿರಿಲೊ ಎಲ್ಲ ಡ್ರೈವರುಗಳಿಗಿಂತ ಹಿರಿಯರು. ಹೋದ ವರ್ಷ ಎದೆಯ ನಾಳ ಕಟ್ಟಿ, ಆಸ್ಪತ್ರೆಯಲ್ಲಿ ಒಳಗೆ ಸ್ಪ್ರಿಂಗಿನಂಥದ್ದು ಕೂರಿಸಿದ್ದಾರೆ. ಇವತ್ತು ಲೋಟ ಖಾಲಿ ಮಾಡಿ ನನ್ನ ಕೈ ಹಿಡಿದುಕೊಂಡರು.

"ಈ ಕೈಗೆ ದೇವರು ಒಳ್ಳೇದು ಮಾಡ್ಲಿ ಮಗಳೇ. ಹತ್ತು ದಿನ ಆಯ್ತು, ಮಾತ್ರೆ ಎಲ್ಲಾ ತೆಗೆದು ಕಸಕ್ಕೆ ಎಸೆದೆ. ಡೆರ್ಲಿಸ್‌ಗೆ ಆದದ್ದು ನನಗ್ಯಾಕೆ ಆಗಲ್ಲ?"

"ಮಾತ್ರೆ..." ಎಂದೆ.

"ಏನಂದೆ?"

ಹಿಂದಿನಿಂದ ಯಾರೋ ಬೇಗ ಬೇಗ ಎಂದರು.

"ಏನಿಲ್ಲ," ಎಂದೆ.

ಮೇ 14, ಮಂಗಳವಾರ

ಇವತ್ತೂ ಹೇಳಲಿಲ್ಲ.

ಮೇ 15, ಬುಧವಾರ, ತಾಯಂದಿರ ದಿನ

ಡೆರ್ಲಿಸ್ ಹೂವು, ಕೇಕು ತಂದ. ಎಲ್ಲರ ಮುಂದೆ ಅಮ್ಮನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, "ಇಡೀ ಊರಿನ ಡ್ರೈವರುಗಳ ಎದೆ ಕಾಯೋ ತಾಯಿ!" ಎಂದ. ಅಮ್ಮನ ಮುಖ ಅಷ್ಟು ಅರಳಿದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿಲ್ಲ. ಇಂಥ ದಿನ ಹೇಗೆ ಹೇಳುವುದು?

ದೋನ್ ಸಿರಿಲೊ ಎಡ ಭುಜ ಉಜ್ಜಿಕೊಳ್ಳುತ್ತಿದ್ದರು. ದಿಂಬು ಸರಿಯಿಲ್ಲ ಎಂದರು. ಕೇಕಿನ ತುಂಡು ನನ್ನ ಬಾಯಲ್ಲೇ ಉಳಿಯಿತು.

ಮೇ 16, ಗುರುವಾರ

ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ನೆಲ ನೋಡುತ್ತಲೇ ಹೇಳಿದೆ.

ಅವರು ಮೆಚ್ಚುತ್ತಾರೆ ಎಂದು ಎಲ್ಲೋ ಒಂದು ಆಸೆ ಇತ್ತು ನನಗೆ, ಸುಳ್ಳು ಹೇಳುವುದಿಲ್ಲ.

"ತಪ್ಪು ಮಾಡಿದ್ದೀಯ ನಿಲ್ಸಾ. ದೊಡ್ಡ ಮನುಷ್ಯ ಅವನು, ಏನು ಕುಡೀತಿದ್ದೀನಿ ಅಂತ ಅವನಿಗೆ ಗೊತ್ತಿರಬೇಕು. ಮೈಕೈ ನೋವು ಬಂದಿದ್ರೆ? ಬೇರೆ ಯಾವುದೋ ಔಷಧಿ ಜೊತೆ ಸೇರಿದ್ರೆ? ನಾನು ನೋಡಿದ ಕಾಗದ ಎಲ್ಲಾ ಸುಳ್ಳಾಗಿತ್ತಲ್ಲ."

"ನೀವೇ ಬಂದು ಅವರಿಗೆಲ್ಲ ಹೇಳಿ ಡಾಕ್ಟರಮ್ಮಾ."

"ಸಿರಿಲೊಗೆ ಇವತ್ತೇ ಫೋನ್ ಮಾಡ್ತೀನಿ. ಆದ್ರೆ ನನ್ನ ಮಾತು ಯಾರು ನಂಬ್ತಾರೆ? ಸೊಪ್ಪಿನ ಮೇಲೆ ಹೊಟ್ಟೆಕಿಚ್ಚು ಅಂತಾರೆ. ಆ ಕಾಗದ ಹೇಗೆ ಹುಟ್ಟಿತು ಅಂತ ಗೊತ್ತಿರೋಳು ನೀನೊಬ್ಬಳೇ."

ದೋನ್ ಸಿರಿಲೊ ಫೋನ್ ಎತ್ತಲಿಲ್ಲ. ಬಸ್ ಓಡಿಸುವಾಗ ಅವರು ಎತ್ತುವುದಿಲ್ಲ.

ಮೇ 17, ಶುಕ್ರವಾರ

ಬೆಳಿಗ್ಗೆ: ಏನೂ ಇಳಿಯಲಿಲ್ಲ.

ಸಾಲಿನಲ್ಲಿ ಹದಿನಾಲ್ಕು ಜನ. ಡೆರ್ಲಿಸ್ ಎಲ್ಲರಿಗಿಂತ ಮುಂದೆ, ದೋನ್ ಸಿರಿಲೊ ಐದನೆಯವರು. ಇವತ್ತು ಅಣ್ಣನ ಲೋಟ ಮೊದಲೇ ಮಾಡಿಡಲಿಲ್ಲ. ಜೇಬಿನಿಂದ ಮಾತ್ರೆ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಒರಳಿನ ಅಂಚಿಗೆ ಇಟ್ಟು, ಒಳಗೆ ತಳ್ಳಿ ಕುಟ್ಟಿದೆ. ಸೊಪ್ಪು ಹಾಕಲಿಲ್ಲ. ಒರಳ ತುಂಬ ಬಿಳಿ ಪುಡಿ.

"ಏನೇ ಅದು?" ಎಂದ ಡೆರ್ಲಿಸ್.

"ನಿನ್ನ ಮಾತ್ರೆ."

"ಏನು?"

"ನಿನ್ನ ಮಾತ್ರೆ ಅಣ್ಣ. ಫೆಬ್ರವರಿ ಇಪ್ಪತ್ತಾರರಿಂದ ದಿನಾ ಹಾಕ್ತಿದ್ದೀನಿ. ನಿನ್ನ ನಂಬರ್ ಇಳಿಸಿದ್ದು ಇದು. ಸೊಪ್ಪಲ್ಲ."

"ಏನಂದ್ಲು? ಕೇಳಿಸಲಿಲ್ಲ!" ಎಂದರು ಹಿಂದಿನವರು. ಇನ್ನೊಮ್ಮೆ ಹೇಳಿದೆ. ಅಷ್ಟರಲ್ಲಿ ಹಿಂದೆ ನಿಂತ ಬಸ್ಸೊಂದು ಹಾರ್ನ್ ಹೊಡೆಯಿತು. ಅದು ನಿಲ್ಲುವವರೆಗೆ ಕಾದು ಮೂರನೇ ಸಲ ಹೇಳಿದೆ. ಎದುರಿನ ಕರುಳಿನ ಸಾರಿನವಳು ಸೌಟು ಹಿಡಿದುಕೊಂಡೇ ಈಚೆ ಬಂದಳು.

"ದೋನ್ ಸಿರಿಲೊ, ನಿಮ್ಮ ಲೋಟದಲ್ಲಿ ಮಾತ್ರೆ ಇರಲಿಲ್ಲ. ಒಂದು ದಿನವೂ ಇರಲಿಲ್ಲ. ನೀವು ಹತ್ತು ಹದಿನೈದು ದಿನದಿಂದ ಔಷಧಿ ಇಲ್ಲದೆ ಬಸ್ ಓಡಿಸ್ತಿದ್ದೀರಿ. ಈಗಲೇ ಡಾಕ್ಟರಮ್ಮನ ಹತ್ತಿರ ಹೋಗಿ. ಬಸ್ ಇಲ್ಲೇ ಇರ್ಲಿ."

ಸಾಲಿನ ನಡುವಿನಿಂದ ಒಬ್ಬ ನಕ್ಕ. "ಲೋ ಡೆರ್ಲಿಸ್, ನಾಯಿಗೆ ಮಾಂಸದಲ್ಲಿ ಸುತ್ತಿ ಹುಳದ ಮಾತ್ರೆ ಕೊಡ್ತಾರಲ್ಲ, ಹಾಗೆ ಕೊಟ್ಟಿದ್ದಾಳೆ ನಿನಗೆ!" ಎಲ್ಲರೂ ನಕ್ಕರು. ಅಣ್ಣನ ಕಿವಿ ಕೆಂಪಾಯಿತು.

"ಮೂರು ತಿಂಗಳು ನನ್ನ ಬಾಯಲ್ಲಿ ಹೇಳಿಸಿದ್ಯಲ್ಲೇ, ಮಾತ್ರೆ ಮುಟ್ಟಿಲ್ಲ ಅಂತ," ಎಂದು ಮಾತ್ರ ಅಂದ. ಬಸ್ ಹತ್ತಿ ಹೋದ.

ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ನನ್ನ ಸೊಪ್ಪು ಹೊಟ್ಟೆ ತೊಳೆಯುತ್ತೆ, ಪಿತ್ತ ಇಳಿಸುತ್ತೆ. ಎದೆಯ ನಾಳ ಬಿಡಿಸುತ್ತೆ ಅಂತ ನಾನು ಯಾವತ್ತಾದ್ರೂ ಹೇಳಿದ್ದೀನೇನ್ರೋ?"

"ಹಲಗೆ ಮೇಲೆ ಬರೆದಿದೆಯಲ್ಲ ನ್ಯಾ ಪ್ಲಾಸಿದಾ, ಕೊಲೆಸ್ಟರಾಲ್ ಅಂತ."

"ಅದು ನನ್ನ ಗಂಡ ಬರೆದಿದ್ದು!"

ಹೇಳಿಬಿಟ್ಟ ಮೇಲೆ ಅವಳಿಗೇ ಕೇಳಿಸಿತು ಅನ್ನಿಸುತ್ತದೆ. ಹಲಗೆಯ ಕಡೆ ತಿರುಗಿ ತುಂಬಾ ಹೊತ್ತು ನೋಡಿದಳು. ದೋನ್ ಸಿರಿಲೊ ಟೋಪಿ ತೆಗೆದು, ಬಸ್ಸಿನ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು, ಆರೋಗ್ಯ ಕೇಂದ್ರದ ಕಡೆ ನಡೆದರು.

ಆ ಕೀಲಿಯನ್ನು ಜೇಬಿಗಿಟ್ಟುಕೊಂಡು ಒರಳು ತೊಳೆದೆ.

ಮೇ 18, ಶನಿವಾರ

ದೋನ್ ಸಿರಿಲೊ ಅವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದ್ದಾರೆ. ನಾಲ್ಕು ದಿನ ಇರಬೇಕಂತೆ. ಸರಿಯಾದ ಹೊತ್ತಿಗೆ ಬಂದರು ಎಂದರಂತೆ.

ಅಂಗಡಿಗೆ ಯಾರೂ ಬರಲಿಲ್ಲ. ಅಣ್ಣನ ಕ್ಷೌರದ ಕನ್ನಡಿಯ ಹತ್ತಿರ ಅವನ ಮಾತ್ರೆ ಪಟ್ಟಿ ಇಟ್ಟಿದ್ದೇನೆ. ಇನ್ನು ಕುಟ್ಟುವುದಿಲ್ಲ. ಬೇಕಾದರೆ ಅವನೇ ನುಂಗಲಿ.

ಪಟ್ಟಿಯಲ್ಲಿ ಹತ್ತು.

ಮೇ 19

ಹತ್ತು.

ಮೇ 20

ಹತ್ತು. ಅಮ್ಮ ಸುಣ್ಣದ ಡಬ್ಬ ತಂದು ಹಲಗೆಯ ಮೇಲಿನ ಆ ಒಂದು ಪದಕ್ಕೆ ಬಳಿದಳು. ಉಳಿದ ಮೂರು ಹಾಗೇ ಇವೆ. ಅವಳು ಏಣಿಯಿಂದ ಇಳಿಯುವಾಗ ಕೈ ಕೊಟ್ಟೆ, ಹಿಡಿದುಕೊಂಡಳು.

ಮೇ 22

ಹತ್ತು. ಅಣ್ಣ ನನ್ನ ಮುಂದೆಯೇ ಹಾದುಹೋದರೂ ನೋಡುವುದಿಲ್ಲ. ಅಪ್ಪನ ನಲವತ್ತೊಂದಕ್ಕೆ ಇವನಿಗೆ ಇನ್ನು ಹತ್ತೇ ವರ್ಷ.

ಸಂಜೆ ಕನ್ನಡಿಯ ಹತ್ತಿರ ಹೋಗಿ ಅವನಿಗೆ ಕೇಳುವಂತೆ ಹೇಳಿದೆ: "ಮೋಸ ಮಾಡಿದ್ದು ತಪ್ಪು, ಅದಕ್ಕೆ ಎಷ್ಟು ಬೇಕಾದ್ರೂ ಬೈ. ಬದುಕಿಸಿದ್ದು ತಪ್ಪಲ್ಲ, ಅದಕ್ಕೆ ಬೈಸಿಕೊಳ್ಳಲ್ಲ." ಅರ್ಧ ಮುಖಕ್ಕೆ ನೊರೆ ಇತ್ತು ಅವನಿಗೆ.

ಮೇ 23

ಹತ್ತು.

ಮೇ 24

ಒಂಬತ್ತು!

ಬಚ್ಚಲ ತೂತಿನಲ್ಲಿ, ಕಸದ ಬುಟ್ಟಿಯಲ್ಲಿ ಎಲ್ಲ ಹುಡುಕಿದೆ. ಎಸೆದಿಲ್ಲ.

ಮೇ 27, ಸೋಮವಾರ

ಬೆಳಿಗ್ಗೆ: ಓಟ್ಸ್, ಬಾಳೆಹಣ್ಣು. ಮಧ್ಯಾಹ್ನ: ಚರ್ಮ ತೆಗೆದ ಕೋಳಿ, ಸೊಪ್ಪು ತರಕಾರಿ.

ಐದೂವರೆಗೆ ಡೆರ್ಲಿಸ್ ಬಸ್ಸು ನಮ್ಮ ಅಂಗಡಿ ಮುಂದೆ ನಿಂತಿತು. ಜೊತೆಗೆ ನಾಲ್ವರು ಡ್ರೈವರುಗಳು, ಆಸ್ಪತ್ರೆಯಿಂದ ಬಂದ ದೋನ್ ಸಿರಿಲೊ ಕೂಡ. ಅಣ್ಣ ಅಂಗಿ ಜೇಬಿನಿಂದ ಪಟ್ಟಿ ತೆಗೆದು, ಎಲ್ಲರ ಮುಂದೆ ಒಂದು ಮಾತ್ರೆ ಒತ್ತಿ ನಾಲಿಗೆಗೆ ಹಾಕಿಕೊಂಡು ನೀರು ಕುಡಿದ.

"ಥೂ, ಇದಕ್ಕೆ ರುಚಿಯೇ ಇಲ್ಲವಲ್ಲೇ! ಇದಕ್ಕೋಸ್ಕರ ಮೂರು ತಿಂಗಳು ಆ ಹಾಳು ಕಹಿ ಕುಡಿಸಿದ್ಯಾ?"

"ನೀನೇ ಕೇಳಿದ್ದು ಸೊಪ್ಪು," ಎಂದೆ. "ನೆಟ್ಟಗೆ ನುಂಗೋ ಗಂಡಸರಿಗೆ ನಾನು ಕುಟ್ಟಿ ಕೊಡಲ್ಲ."

ಡ್ರೈವರುಗಳು ಬಸ್ಸಿನ ಬದಿ ಬಡಿದು ನಕ್ಕರು. ದೋನ್ ಸಿರಿಲೊ ತಮ್ಮ ಪಟ್ಟಿಯನ್ನೂ ತೆಗೆದು ತೋರಿಸಿದರು. ಅಮ್ಮ, "ನಗ್ತಾ ನಿಂತ್ರೆ ಆಯ್ತಾ? ಹೊಟ್ಟೆಗಾದ್ರೂ ಏನಾದ್ರೂ ಕೊಳ್ಳಿ," ಎಂದು ಎಲ್ಲರ ಕೈಗೂ ಪುದೀನಾ ಕಟ್ಟು ತುರುಕಿದಳು.

ಜೂನ್ 2, ಭಾನುವಾರ

ತಿಂದದ್ದು ಬರೆಯಲು ಸಮಯವಿಲ್ಲ. ಅಪ್ಪನ ಊರಿಗೆ ಹೋಗಿ ಬಂದೆವು, ನಾನು ಮತ್ತು ಅಣ್ಣ.

ರಕ್ತದಲ್ಲಿ ಬಂದದ್ದು ನಮ್ಮಿಬ್ಬರಿಗೇ ನಿಲ್ಲುವುದಿಲ್ಲ ಎಂದು ಡಾಕ್ಟರಮ್ಮ ರಕ್ತ ಪರೀಕ್ಷೆಯ ಚೀಟಿಗಳನ್ನು ಕೊಟ್ಟಿದ್ದರು. ಅಪ್ಪನ ಇಬ್ಬರು ತಮ್ಮಂದಿರು, ಒಬ್ಬ ಅಕ್ಕ, ಅವರ ಮಕ್ಕಳು ಒಂಬತ್ತು. ದಾರಿಯುದ್ದಕ್ಕೂ ಡೆರ್ಲಿಸ್ ನಾವು ಹತ್ತಿದ ಬಸ್ಸಿನ ಡ್ರೈವರ್‌ನ ತಪ್ಪು ಹುಡುಕುತ್ತಿದ್ದ. "ನೋಡು ಗೇರ್ ಹೇಗೆ ಹಾಕ್ತಾನೆ, ಪಾಪ ಬಸ್ಸು." ಕೆಂಪು ಮಣ್ಣಿನ ದಾರಿಗೆ ಇಳಿದ ಮೇಲೆ ಸುಮ್ಮನಾದ.

ಮೂರು ಮನೆಗೂ ಹೋದೆವು. ಏಳು ಜನ ಬುಧವಾರ ಬರುತ್ತೇವೆ ಎಂದಿದ್ದಾರೆ. ಅತ್ತೆ ಇನ್ನೂ ಒಪ್ಪಿಲ್ಲ. ಅದೆಲ್ಲ ನಾಳೆ ಬರೆಯುತ್ತೇನೆ. ಮೊದಲನೇ ಮನೆಯದ್ದನ್ನು ಮಾತ್ರ ಇವತ್ತೇ ಬರೆಯಬೇಕು.

ಚಿಕ್ಕಪ್ಪನ ಗೇಟಿನ ಹೊರಗೆ ನಿಂತೆವು. ನಾಯಿಗಳು ಬೊಗಳಿದವು. ಇಷ್ಟು ದಿನ ನಾನು ಅಣ್ಣನ ಬೆನ್ನ ಹಿಂದೆ ನಿಲ್ಲುವವಳು, ಅವನು ಕೂಗುವವನು. ಇವತ್ತು ಅವನು ಚೀಟಿಗಳನ್ನು ನನ್ನ ಕೈಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

"ನೀನೇ ಹೇಳೇ. ನನಗೆ ಇದೆಲ್ಲ ಹೇಳೋಕೆ ಬರಲ್ಲ."

ಗೇಟಿನ ಮುಂದೆ ನಿಂತು, ಒಳಗಿನವರನ್ನು ಕರೆಯಲು ಮೂರು ಸಲ ಚಪ್ಪಾಳೆ ತಟ್ಟಿದೆ. ಒಳಗಿನಿಂದ "ಯಾರು?" ಎಂದರು. ನನ್ನ ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ, ಬಂದ ಕೆಲಸ ಹೇಳಿದೆ. ಅವರು ಬಾಗಿಲು ತೆರೆಯುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದ್ದೆ.